ಅದೇ ಗಡಿಗೆ

ಗೋಣಿಕೊಪ್ಪದ ಸಂತೆ, ಭಾನುವಾರ. ಒಣಮೀನಿನ ಸಾಲಿನಾಚೆ
ನಮ್ಮ ಜಾಗ. ನೆಲಕ್ಕೆ ಹುಲ್ಲು, ಹುಲ್ಲಿನ ಮೇಲೆ
ಬೋರಲು ಮಲಗಿಸಿದ ಗಡಿಗೆಗಳು,
ಒಂದರ ಕಿವಿಗೆ ಇನ್ನೊಂದು ಏನೋ ಹೇಳುತ್ತಿರುವ ಹಾಗೆ.

ಬಂದವರೆಲ್ಲ ಮೊದಲು ತಟ್ಟುತ್ತಾರೆ.
ಬೆರಳಗಂಟು ಮಡಚಿ, ಬಾಗಿಲು ತಟ್ಟಿದಂತೆ,
ಒಳಗೆ ಯಾರಾದರೂ ಇದ್ದಾರೋ ಎಂದು.
ಟಣ್ ಅಂದರೆ ಬೆಂದದ್ದು. ಡಬ್ ಅಂದರೆ
ಎಲ್ಲೋ ಕೂದಲೆಳೆ ಬಿರುಕು; ನನಗೆ ಗೊತ್ತು,
ಅದನ್ನು ನಾನೇ ಹಿಂದಿನ ಸಾಲಿಗೆ ಸರಿಸಿಟ್ಟಿದ್ದೆ,
ಹೂಗಿಡಕ್ಕೆ ಕೇಳುವ ಹೋಮ್‌ಸ್ಟೇಯವರಿಗೆ.
ಅವರು ತಟ್ಟುವುದಿಲ್ಲ. ಬಣ್ಣ ನೋಡುತ್ತಾರೆ,
ತಳಕ್ಕೆ ತೂತು ಕೊರೆಸುತ್ತಾರೆ.
ತೂತು ಕೊರೆಯುವಾಗ ನನ್ನ ಗಂಡ ಆಚೆ ನೋಡುತ್ತಾನೆ.

ಬೈನೆ ಹೆಂಡ ಇಳಿಸುವ ಕಾಳನಿಗೆ ಕುತ್ತಿಗೆ ಸಣ್ಣಗಿರಬೇಕು,
ಹಗ್ಗ ಜಾರಬಾರದು.
ಜೇನು ಕೂರಿಸುವ ಮುದುಕನಿಗೆ ಹೊಟ್ಟೆ ದೊಡ್ಡದು, ಬಾಯಿ ಕಿರಿದು;
ಒಳಗೆ ಮೇಣ ಸವರಿ ಮಾಡಿನಡಿ ಕಟ್ಟಿ
ಬರುವ ಹುಳುವಿಗೆ ಬಾಡಿಗೆ ಇಲ್ಲ ಎನ್ನುತ್ತಾನೆ.
ನಾಯಿ ಕಳಕೊಂಡವನಿಗೆ ನಾಯಿಯೇ ಬೇಕು:
ಗೇಣುದ್ದ, ಕಿವಿ ನೆಟ್ಟಗೆ, ದೇವರಕಾಡಿನ ಅಯ್ಯಪ್ಪನ ಹರಕೆಗೆ.
"ನಮ್ಮದಕ್ಕೆ ಬಾಲ ಡೊಂಕಿತ್ತು" ಎಂದನೊಬ್ಬ, ಕಣ್ಣೊರೆಸಿಕೊಂಡು.
ಹಸಿ ಇದ್ದಾಗಲೇ ಹೇಳಬಾರದಿತ್ತೆ?
ಬೆಂದ ಬಾಲವನ್ನು ಹೇಗೆ ಬಗ್ಗಿಸಲಿ.

ಆವತ್ತು ಬೊಳ್ಳವ್ವ ಬಂದರು.
ಪ್ಲಾಸ್ಟಿಕ್ ಚೀಲದಿಂದ ಹಳೆ ಪಂಚೆಯ ಗಂಟು ತೆಗೆದು ಬಿಚ್ಚಿದರು:
ಏಳು ಬೋಕಿ, ಒಳಮೈ ಇದ್ದಿಲಿಗಿಂತ ಕಪ್ಪು.
"ನಿನ್ನತ್ತೆ ಮಾಡಿದ್ದು. ನನ್ನ ಮದುವೆಯ ವರ್ಷ.
ಮೂವತ್ತೊಂದು ಮಳೆಗಾಲ ಇದರಲ್ಲೇ ಕಾಚಂಪುಳಿ ಕಾಯಿಸಿದೆ.
ಬೆಕ್ಕು ಕೆಡವಿತು. ಅದೇ ಬೇಕು."

ಅದೇ.
ನಾನೊಂದು ಬೋಕಿಗೆ ನಾಲಗೆ ತಾಗಿಸಿದೆ.
ಹಣ್ಣಿನ ಹುಳಿ ಮೊದಲು, ಆಮೇಲೆ ಹೊಗೆ,
ಕಡೆಗೆ, ತುಂಬಾ ಕಡೆಗೆ, ಮಣ್ಣು.
ಆ ಮಣ್ಣು ನನಗೆ ಗೊತ್ತು: ಕೆರೆ ಕೆಳಗಿನ ಗದ್ದೆಯದು,
ಏಡಿ ತೂತಿನ ಪಕ್ಕ, ಸೊಂಟದಾಳ ಅಗೆದರೆ ಸಿಗುವ ನೀಲಿ ಜೇಡಿ.
ಬಸುರಿಯಾಗಿದ್ದಾಗ ಕದ್ದು ತಿಂದಿದ್ದೆ.
ಅತ್ತೆ ನೋಡಿಯೂ ಬೈಯಲಿಲ್ಲ,
"ಕಲ್ಲು ಆರಿಸಿ ತಿನ್ನು" ಅಂದಿದ್ದಳು.

"ಗಡಿಗೆ ಕೊಡಬಹುದು ಬೊಳ್ಳವ್ವ,
ಕಪ್ಪನ್ನು ನೀವೇ ಹಾಕಿಕೊಳ್ಳಬೇಕು" ಅಂದೆ.
ಅವರು ನಗಲಿಲ್ಲ. ಪಂಚೆ ಕೊಡವಿ ಮಡಚಿಕೊಂಡು
ಬೋಕಿಗಳನ್ನು ಅಲ್ಲೇ ಬಿಟ್ಟು ಹೋದರು.

ಮನೆಯಲ್ಲಿ ಮಗಳು ಒಂದನ್ನು ಎತ್ತಿಕೊಂಡು
ಅಂಗಳದಲ್ಲಿ ಕುಂಟೆಬಿಲ್ಲೆಗೆ ಗೆರೆ ಎಳೆದಳು.
ಆರು ಉಳಿದವು. ಒನಕೆಯಲ್ಲಿ ಕುಟ್ಟಿ, ಜರಡಿ ಹಿಡಿದು,
ಹೊಸ ಜೇಡಿಗೆ ಬೆರೆಸಿ ತುಳಿದೆ. ಹುಳಿ ವಾಸನೆ
ಪಾದಕ್ಕೆ ಹತ್ತಿ ಎರಡು ದಿನ ಹೋಗಲಿಲ್ಲ.
ಗಂಡ ತಿಗರಿ ತಿರುಗಿಸಿದ. ನಾನು ತಳ ತಟ್ಟಿದೆ:
ಒಳಗೆ ಅತ್ತೆಯ ಗುಂಡುಕಲ್ಲು, ಹೊರಗೆ ನನ್ನ ಹಲಗೆ,
ನಡುವೆ ತೆಳ್ಳಗಾಗುತ್ತ ಹೋಗುವ ಮಣ್ಣು.

ಆವಿಗೆಗೆ ಮೂರು ಇಟ್ಟೆವು, ಒಂದಾದರೂ ಉಳಿಯಲೆಂದು.
ನಡುರಾತ್ರಿ ಪಟ್ ಎಂದಿತು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ.
ಎಣಿಸುತ್ತ ಮಲಗಿದ್ದೆ.
ಮೂರನೆಯದಕ್ಕೆ ಕಾಯುತ್ತಲೇ ಬೆಳಗಾಯಿತು.

ಮತ್ತೆ ಭಾನುವಾರ. ಬೊಳ್ಳವ್ವ ಕುಕ್ಕರುಗಾಲಲ್ಲಿ ಕೂತು ತಟ್ಟಿದರು.
ಟಣ್. ಇನ್ನೊಮ್ಮೆ. ಕಿವಿ ಹತ್ತಿರ ತಂದು ಮತ್ತೊಮ್ಮೆ.
ಬಾಯೊಳಗೆ ಮೂಗಿಟ್ಟು ಬಹಳ ಹೊತ್ತು ಹಾಗೇ ಇದ್ದರು.
ಒಣಮೀನಿನವಳು ಕೂಗುವುದು ನಿಲ್ಲಿಸಿ ನೋಡಿದಳು.
ಆಮೇಲೆ ತಲೆಯೆತ್ತಿ, ಅಂಚಿನಲ್ಲಿ ಹೊಗೆ ಕೂತ
ಕಾಸಿನಗಲದ ಮಚ್ಚೆ ತೋರಿಸಿ ಹೇಳಿದರು:
"ಇಲ್ಲಿ ಕಪ್ಪಾಗಿದೆ. ಮೂವತ್ತು ಕಡಿಮೆ ಮಾಡು."

ಇಪ್ಪತ್ತು ಬಿಟ್ಟೆ.
"ಮೊದಲ ಸಲ ಗಂಜಿ ಕಾಯಿಸಿ" ಎಂದೆ.
"ಗೊತ್ತು" ಎಂದರು, ಅದೇ ಪಂಚೆಯಲ್ಲಿ ಸುತ್ತುತ್ತ.